ಗೌಡನ ತಂಗಿ

ಮೊನ್ನೆ ಕುಷ್ಟಗಿಯಲ್ಲಿ ಮಗಳ ಶಾಲೆಯ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ಮಕ್ಕಳಿಗೆ ಬಣ್ಣ ಹಚ್ಚುತ್ತಿದ್ದ ಕೋಣೆಯಿಂದ ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಬಣ್ಣದ ವಾಸನೆ ಬಂತು. ನಮ್ಮೂರಿನ ಗಿರಣಿ ಕಾಕಾ ಕಣ್ಣೆದುರು ನಿಂತರು…

ಯಲಬುರ್ಗಾ ಕಡೆಯ ನಮ್ಮ ಊರಲ್ಲಿ, ನಮ್ಮ ಓಣಿಯಲ್ಲೇ ಹಿಟ್ಟಿನ ಗಿರಣಿ ಇಟ್ಟಿದ್ದರು. ಮೆತ್ತನೆಯ ಮನುಷ್ಯ. ಜೋಳ ಬೀಸಿಸಲು ಬಂದವರಿಗೆಲ್ಲ 'ಬರ್ರಿ, ಕುಂದರ್ರಿ' ಎನ್ನುವವರು. ಆದರೆ ಯುಗಾದಿಗೆ ಊರವರು ಇಂಥದೇ ಬಣ್ಣ ಹಚ್ಚಿಕೊಂಡು ಆಡುತ್ತಿದ್ದ ನಾಟಕದಲ್ಲಿ ಅವರದು ಕ್ರೂರ ಗೌಡನ ಪಾರ್ಟು. ಹೆಣ್ಣು ಪಾರ್ಟಿಗೆ ಯಾರೂ ಸಿಗದೆ, ಇನ್ನೂ ಮೀಸೆ ಮೂಡದ ನನ್ನನ್ನು ಗೌಡನ ತಂಗಿ ಮಾಡಿದ್ದರು. ತಾಲೀಮಿನ ಮೊದಲ ಸಂಜೆ ಕಾಕಾ ರಟ್ಟಿನ ಕುಡಗೋಲು ಎತ್ತಿ, "ಲೇ, ಈ ಹೊಸ್ತಿಲಾ ದಾಟಿದ್ರ ನಿನ್ನ ಕಾಲು ಕಡೀತೀನಿ!" ಎಂದು ಗುಡುಗಿದರು. ನನ್ನ ಮಾತೆಲ್ಲ ಮರೆತುಹೋಯಿತು. ದಿನಾ ನೋಡುವ ಮುಖವೇ… ಆದರೆ ಅಲ್ಲಿ ಕಾಕಾ ಇರಲಿಲ್ಲ.

ಆಮೇಲೆ ಅವರೇ ನಕ್ಕು ನೀರು ಕೊಟ್ಟರು. "ಅಂಜಬ್ಯಾಡ ತಮ್ಮಾ. ಗೌಡ ಅನ್ನಾಂವ ಎಲ್ಲೂ ಇಲ್ಲ. ಆ ಮಾತಿನ್ಯಾಗಷ್ಟ ಅದಾನ. ಮಾತು ಮುಗೀತು, ಅಂವ ಹೋದ."

ಅಂವ ಹೋಗಿರಲಿಲ್ಲ. ವಯಸ್ಸು ಎಪ್ಪತ್ತರ ಸುಮಾರಿಗೆ ಬಂದಾಗ ಕಾಕಾಗೆ ಮರೆವಿನ ಕಾಯಿಲೆ ಬಂತು. ಗಿರಣಿ ಮರೆತರು, ಮಕ್ಕಳ ಹೆಸರು ಮರೆತರು. ಬಾಯಲ್ಲಿ ಉಳಿದದ್ದು ಗೌಡನ ಮಾತು ಮಾತ್ರ.

ಒಂದು ಮಧ್ಯಾಹ್ನ ಅವರ ಹೆಂಡತಿ, ನಮ್ಮ ಕಾಕಿ, ಚೀರಿದ್ದು ಕೇಳಿ ಓಡಿದೆ. ಕಾಕಾ ಬಾಗಿಲಿಗೆ ಅಡ್ಡ ನಿಂತಿದ್ದರು. ಕೈಯಲ್ಲಿ ನಿಜವಾದ ಕುಡಗೋಲು. ಒಳಗೆ ಕಾಕಿ ಗೋಡೆಗೆ ಅಂಟಿಕೊಂಡು ನಿಂತಿದ್ದರು. "ಹೊಸ್ತಿಲಾ ದಾಟಿದ್ರ ಕಾಲು ಕಡೀತೀನಿ!" ಅದೇ ದನಿ.

"ಕಾಕಾ, ನಾನ್ರೀ…" ಎಂದೆ. ತಿರುಗಿ ನೋಡಿದರು. ಗುರುತಿಲ್ಲದ ಕಣ್ಣು. ಕುಡಗೋಲು ಮೇಲೆದ್ದಿತು. ಆಗ ನನ್ನ ಬಾಯಿಗೆ ಬಂದದ್ದು ನನ್ನ ಮಾತಲ್ಲ, ತಂಗಿಯ ಮಾತು.

"ಕಡಿ ಅಣ್ಣಾ. ಅವ್ವ ಸಾಯೂ ಮುಂದ ನನ್ನ ಕೈ ನಿನ್ನ ಕೈಯಾಗ ಇಟ್ಟಿದ್ಲಲ್ಲ, ಮೊದಲ ಆ ಕೈ ಕಡಿ."

ಕುಡಗೋಲು ಎತ್ತಿದಲ್ಲೇ ನಿಂತಿತು. ಮುಂದಿನ ಮಾತು ಅವರದು. ಅದೂ ಮರೆತುಹೋಗಿದ್ದರೆ?… ಕಾದೆ. "ತಂಗೀ… ನಾ ಎಂಥಾ ಪಾಪಿ" ಎಂದವರೇ, ನಾಟಕದಲ್ಲಿ ಮಾಡುತ್ತಿದ್ದಂತೆಯೇ ಕುಡಗೋಲು ಕೆಳಗೆ ಬಿಟ್ಟು, ಕುಸಿದು ಕುಳಿತು ಅತ್ತರು. ಕುಡಗೋಲನ್ನು ನಾನು ಕಾಲಿನಿಂದ ದೂರ ತಳ್ಳಿದೆ. ಕೈಯಿಂದ ಮುಟ್ಟುವ ಧೈರ್ಯವಾಗಲಿಲ್ಲ.

ಆಮೇಲೆ ದಿನಾ ಹೋಗುತ್ತಿದ್ದೆ. ತಂಗಿಯಾಗಿ ಮಾತಾಡಿಸಿದರೆ ಉಣ್ಣುತ್ತಿದ್ದರು, ಗುಳಿಗೆ ನುಂಗುತ್ತಿದ್ದರು. ಆದರೂ ಅವರ ಕೈ ಬರಿದಾಗಿದೆಯೇ ಎಂದು ನೋಡದೆ ನಾನು ಒಳಗೆ ಕಾಲಿಟ್ಟವನಲ್ಲ. ಮರುವರ್ಷ ಹಾಸಿಗೆ ಹಿಡಿದು ತೀರಿಕೊಂಡರು. ಕೊನೆಯ ಗಳಿಗೆಯಲ್ಲಿ ನನ್ನ ಕೈ ಹಿಡಿದು "ತಂಗೀ" ಎಂದರು. ಕಾಕಿ ಪಕ್ಕದಲ್ಲೇ ಕುಳಿತಿದ್ದರು.

ಮೊನ್ನೆ ಕುಷ್ಟಗಿಯಿಂದ ಊರಿಗೆ ಮರಳಿದವನು ಕಾಕಿಯ ಮನೆಗೆ ಹೋದೆ. ಚಹಾ ಕೊಟ್ಟು ಎದುರು ಕುಳಿತು ಕೇಳಿದರು: "ನಿನಗ ಅಣ್ಣ ಆಗಿ ಹೋದ್ರು. ನನಗ ಏನಾಗಿ ಹೋದ್ರೋ ತಮ್ಮಾ?"

ಆ ನಾಟಕದಲ್ಲಿ ಗೌಡನಿಗೆ ಹೆಂಡತಿಯೇ ಇರಲಿಲ್ಲ.