ಕುಂಚಿಗಿಯ ಕೆಂಪು ತುಂಡು

ವಾಡಿ ಜಂಕ್ಷನ್ನಿನ ಹಿಂದಿನ ಓಣಿಯಲ್ಲಿ ಸಾಬಮ್ಮನ ಮನೆ ಯಾವುದೆಂದು ಕೇಳಿದರೆ ಎಲ್ಲರೂ ಕೈ ತೋರಿಸುತ್ತಿದ್ದ ಕಾಲವೊಂದಿತ್ತು. ಬಾಗಿಲಿಗೆ ನೇತುಹಾಕಿದ ಚೀಲಗಳೇ ಗುರುತು. ಸಂತೆಗೆ ಒಯ್ಯುವ ಕೈಚೀಲ, ಮದುವೆಯಲ್ಲಿ ತೆಂಗಿನಕಾಯಿ ಹಾಕಿಕೊಡುವ ಚೀಲ, ಮುದುಕರು ಸೊಂಟಕ್ಕೆ ಸಿಗಿಸಿಕೊಳ್ಳುವ ಎಲೆಅಡಿಕೆಯ ಚಂಚಿ. ಊರಿನ ಸಿಮೆಂಟ್ ಫ್ಯಾಕ್ಟರಿಯ ಧೂಳು ಕೂರುತ್ತದೆಂದು ಅವನ್ನು ಕೊಡವಿ ಕೊಡವಿ ಅವಳ ತೋಳು ಸೋಲುತ್ತಿತ್ತು. ಗಂಡ ಅಣವೀರ ಕಲ್ಲಿನ ಖಣಿಯಲ್ಲಿ ದುಡಿದು ಕಿವಿ ಕಳೆದುಕೊಂಡವನು. ಅವನ ಜೊತೆ ಮಾತಾಡುವುದೂ ಒಂದೇ, ಓಣಿಯಲ್ಲಿ ಡಂಗುರ ಸಾರುವುದೂ ಒಂದೇ. ಆ ಮನೆಯಲ್ಲಿ ಗುಟ್ಟು ಎನ್ನುವುದು ಉಳಿಯುತ್ತಲೇ ಇರಲಿಲ್ಲ.

ಚೀಲಗಳಿಂದ ಮನೆ ನಡೆಯುತ್ತಿತ್ತು. ಹೆಸರು ಬಂದದ್ದು ಮಾತ್ರ ಕುಂಚಿಗಿಯಿಂದ. ಎಳೆಗೂಸಿನ ತಲೆಗೆ ಟೊಪ್ಪಿಗೆಯಾಗಿ ಬೆನ್ನಿಗೆ ಹೊದಿಕೆಯಾಗಿ ಇಳಿಬೀಳುವ ಅರಿವೆ ಅದು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ತವರಿನವರು ತರಬೇಕು. ಅದನ್ನು ಸಾಬಮ್ಮ ಮಶೀನಿಗೆ ಕೊಡದೆ ಕೈಯಲ್ಲೇ ಹೊಲಿಯುತ್ತಿದ್ದಳು. ಹೊಸ ಬಟ್ಟೆ ತಂದವರನ್ನು ಬೈದು ವಾಪಸ್ ಕಳಿಸುತ್ತಿದ್ದಳು.

“ಹೊಸಾದು ಕೂಸಿನ ಮೈಗಿ ಒತ್ತತದ. ಮನ್ಯಾಗ ಚಂದಾಗಿ ಬೆಳದ ಕೂಸಿನ ಹಳೀ ಅಂಗಿ ತರ್ರಿ, ಇಲ್ಲಾ ಅಜ್ಜಿ ಉಟ್ಟ ಸೀರಿ ತರ್ರಿ.”

ಹಾಗೆ ತಂದ ಅರಿವೆಯಲ್ಲಿ ಅಂಗೈಯಗಲದ ತುಂಡೊಂದನ್ನು ಕತ್ತರಿಸಿ ತನ್ನ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಅದೇ ಚೀಲದಿಂದ ಬೇರೊಬ್ಬರ ಮನೆಯ ತುಂಡನ್ನು ತೆಗೆದು ಈ ಕುಂಚಿಗಿಯ ನೆತ್ತಿಗೆ ಹಚ್ಚುತ್ತಿದ್ದಳು. ಕಾಗಿಣಾ ಹೊಳೆಯ ದಂಡೆಯ ತವರಿನಲ್ಲಿ ಅವ್ವನಿಂದ ಕಲಿತದ್ದು ಅದು. ಬಾಳಿದ ಕೂಸಿನ ಅರಿವೆ ಮುಂದಿನ ಕೂಸಿನ ನೆತ್ತಿ ಕಾಯುತ್ತದೆಂಬ ನಂಬಿಕೆ. ಪಕ್ಕದ ಮನೆಯ ಬಿಬಿಜಾನ್‌ಳ ಮೊಮ್ಮಗ ಫೈಜಾನನ ನೆತ್ತಿಯ ಮೇಲೆ ಜಂಗಮರ ಮನೆಯ ಹಸಿರು, ಜಂಗಮರ ಮೊಮ್ಮಗಳ ನೆತ್ತಿಯ ಮೇಲೆ ಯಾರದೋ ಹಳದಿ. “ವಾಡಿ ಮಕ್ಕಳೆಲ್ಲಾ ಒಂದೇ ಅರಿವಿ” ಎಂದು ಸಾಬಮ್ಮ ಬೀಗುತ್ತಿದ್ದಳು. ಬೀಗಲಿ ಬಿಡಿ, ಬೀಗುವುದಕ್ಕೆ ಅವಳಿಗೆ ಬೇರೆ ಏನಿತ್ತು?

ಹೋದ ವರ್ಷ ಚಳಿಗಾಲದಲ್ಲಿ ರೈಲ್ವೆ ಕ್ವಾರ್ಟರ್ಸಿನ ಚಂದ್ರಕಲಾಳ ಮೊಮ್ಮಗ ಎದೆಯಲ್ಲಿ ಕಫ ಕಟ್ಟಿ ತೀರಿಕೊಂಡ. ದವಾಖಾನೆಗೆ ಒಯ್ಯುವುದು ತಡವಾಗಿತ್ತು, ಡಾಕ್ಟರು ಹಾಗೆಂದೇ ಹೇಳಿದ್ದರು. ಕೆಲವು ದಿನ ಕಳೆದ ಮೇಲೆ ಚಂದ್ರಕಲಾ ಬಂದು ಸಾಬಮ್ಮನ ಹೊಸ್ತಿಲಲ್ಲಿ ಕೂತಳು. ಜಗಳಕ್ಕೆ ಬಂದವಳಲ್ಲ. ಕೂಸು ಹೋದ ಮನೆಯವರು ಏನಾದರೊಂದು ಕಾರಣ ಹುಡುಕುತ್ತಾರಲ್ಲ, ಹಾಗೆ ಬಂದಿದ್ದಳು.

“ಸಾಬಕ್ಕ, ನಮ್ಮ ಕೂಸಿನ ನೆತ್ತಿಗಿ ಹಚ್ಚಿದ್ದಿಯಲ್ಲ, ಆ ತುಂಡು ಯಾರ ಮನೀದು?”

ಸಾಬಮ್ಮ ಯಾವುದಾದರೂ ಹೆಸರು ಹೇಳಿ ಪಾರಾಗಬಹುದಿತ್ತು. ಸುಳ್ಳು ಹೇಳಿ ರೂಢಿಯಿಲ್ಲದ ಹೆಂಗಸು.

“ನೆನಪಿಲ್ಲವ್ವ. ಚೀಲದಾಗ ಎಲ್ಲಾ ಕೂಡೇ ಇರ್ತಾವ” ಎಂದಳು.

ಚಂದ್ರಕಲಾ ಎದ್ದು ಹೋದಳು. ಮತ್ತೆ ಆ ಓಣಿಗೆ ಕಾಲಿಡಲಿಲ್ಲ.

ಊರಿನ ಬಾಯಿಗೆ ಆ ಒಂದು ಮಾತು ಸಾಕಾಯಿತು. ಯಾರ ಮನೆಯದನ್ನು ಯಾರ ಕೂಸಿಗೆ ಹಚ್ಚಿದ್ದಾಳೋ ಸಾಬಮ್ಮನಿಗೇ ಗೊತ್ತಿಲ್ಲವಂತೆ! ಬೇಸಿಗೆಯಲ್ಲಿ ಹತ್ತಿರದ ಭಂಕೂರದ ಒಂದು ಕೂಸು, ಹುಟ್ಟುವಾಗಲೇ ತೂಕವಿಲ್ಲದ್ದು, ಉಳಿಯಲಿಲ್ಲ. ಅದರ ಕುಂಚಿಗಿಯೂ ಸಾಬಮ್ಮನದೇ. ಚಂದ್ರಕಲಾಳ ಮನೆಯ ತುಂಡೇ ಭಂಕೂರಕ್ಕೆ ಹೋಗಿರಬೇಕು ಎಂದರು. ಇನ್ನು ಮುಂದೆ ಯಾರ ಮನೆಗೋ ಎಂದರು. ವಾಡಿಯಲ್ಲಿ ಓದಿದವರಿಗೇನು ಬರವಿಲ್ಲ. ಮೊಬೈಲಿನಲ್ಲಿ ಜಗತ್ತಿನ ಸುದ್ದಿ ಓದುವ ಬಾಯಿಗಳೇ ಇದನ್ನೂ ಆಡಿದವು. ಮದುವೆಗೆ ಚೀಲ ಹೇಳಿದ್ದವರು ಬೇರೆ ಕಡೆ ತಗೊಂಡೆವು ಎಂದು ಫೋನು ಮಾಡಿದರು. ಚಂಚಿಗೆ ಬರುತ್ತಿದ್ದ ಅಮೃತಪ್ಪ, ಬಾಯಲ್ಲಿ ಹಲ್ಲೇ ಇಲ್ಲದ ಮುದುಕ, ಅವನೂ ಸುತ್ತು ಹಾಕಿ ಬೇರೆ ಓಣಿಯಲ್ಲಿ ಓಡಾಡತೊಡಗಿದ. ಇನ್ನೆಷ್ಟು ಆಯುಷ್ಯ ಉಳಿಸಿಕೊಳ್ಳಬೇಕಿತ್ತೋ ಪುಣ್ಯಾತ್ಮ!

ಒಂದು ಮಧ್ಯಾಹ್ನ, ಕುಂಚಿಗಿ ಹೊಲಿಸಿಕೊಂಡಿದ್ದ ಹೆಂಗಸರು ಬಂದರು. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

“ನಮ್ಮ ಮನೀ ತುಂಡು ನಮಗ ಕೊಟ್ಟುಬಿಡ್ರಿ” ಎಂದರು.

ಸಾಬಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಸತ್ತ ಕೂಸುಗಳ ಅರಿವೆಯ ಜೊತೆ ತಮ್ಮ ಮಕ್ಕಳದು ಇರಬಾರದೆಂದು ಬಂದಿದ್ದಾರೆಂದು ಅರ್ಥವಾದ ಮೇಲೆ ಒಳಗೆ ಹೋಗಿ ಚೀಲ ತಂದು ಫರ್ಸಿ ಕಲ್ಲಿನ ನೆಲದ ಮೇಲೆ ಸುರಿದಳು. “ಆರಿಸ್ಕೋರಿ” ಎಂದಳು. ಹೆಂಗಸರು ಬಗ್ಗಿ ಕೆದಕಿದರು. ತಮ್ಮ ಮಕ್ಕಳ ಅಂಗಿಯನ್ನು ತಾಯಂದಿರು ಗುರುತಿಸದೆ ಇರುತ್ತಾರೆಯೇ? ಒಬ್ಬೊಬ್ಬರೂ ತಮ್ಮದನ್ನು ಎತ್ತಿಕೊಂಡು ಸೆರಗಿನಲ್ಲಿ ಮುಚ್ಚಿಕೊಂಡು ಹೋದರು. ಅವತ್ತು ಬರಲಾಗದವರು ಮರುದಿನ ಬಂದರು. ಎಲ್ಲರೂ ಹೋದ ಮೇಲೆ ಬಿಬಿಜಾನ್ ಬಂದಳು, ತಲೆ ಎತ್ತದೆ.

“ನಾ ಬ್ಯಾಡ ಅಂದೆ ಅಕ್ಕಾ. ಸೊಸಿ ಕೇಳ್ಲಿಲ್ಲ” ಎಂದು ಬಿಳಿ ಹೂವಿನ ತುಂಡೊಂದನ್ನು ಹುಡುಕಿ ತೆಗೆದುಕೊಂಡಳು.

ಅಷ್ಟು ಜನ ಬಂದಾಗ ಬಾರದ ಅಳು ಸಾಬಮ್ಮನಿಗೆ ಬಿಬಿಜಾನ್ ಹೋದ ಮೇಲೆ ಬಂತು. ಉಳಿದ ಎರಡು ಮೂರು ತುಂಡುಗಳನ್ನು ಮತ್ತೆ ಚೀಲಕ್ಕೆ ತುರುಕಿ ಮೂಲೆಗಿಟ್ಟಳು.

ಇಂಥ ಹೊತ್ತಿನಲ್ಲಿ ಸೇಡಮ್ಮಿನಿಂದ ಸುದ್ದಿ ಬಂತು. ಅಲ್ಲಿಗೆ ಕೊಟ್ಟ ಒಬ್ಬಳೇ ಮಗಳು ಐಶ್ವರ್ಯ ಹೆಣ್ಣು ಹಡೆದಿದ್ದಳು. ಎರಡು ಸಲ ಬಸಿರು ಇಳಿದು, ಇನ್ನು ಆಗುವುದಿಲ್ಲವೇನೋ ಎಂದು ಕೂತಿದ್ದಾಗ ಬಂದ ಕೂಸು. ಡಾಕ್ಟರು ಹಾಸಿಗೆ ಬಿಟ್ಟು ಏಳಬೇಡ ಎಂದಿದ್ದರಿಂದ ಬಾಣಂತನವೂ ಗಂಡನ ಮನೆಯಲ್ಲೇ ಆಗಿತ್ತು. ತವರಿನವಳಾಗಿ ಸಾಬಮ್ಮ ಮಾಡುವುದೆಂದು ಉಳಿದದ್ದು ಒಂದೇ.

“ಅವ್ವಾ, ತೊಟ್ಲಾಗ ಹಾಕೋ ದಿನ ನೀ ಹೊಲಿದ ಕುಂಚಿಗೀನೇ ಹಾಕಬೇಕು ನೋಡು” ಎಂದಳು ಮಗಳು ಫೋನಿನಲ್ಲಿ.

“ಮಂದಿ ಏನೇನೋ ಅನ್ಲಿಕತ್ತಾರ. ಗೊತ್ತದೇನು ನಿನಗ?”

“ಗೊತ್ತದ. ನಮ್ಮ ಅತ್ತಿಗೂ ಗೊತ್ತದ. ಹುಚ್ಚ ಮಂದಿ ಅಂದ್ರು. ನೀ ಹೊಲಿ.”

ಸಾಬಮ್ಮನ ಜೀವ ಮರಳಿ ಬಂತು. ಟ್ರಂಕಿನಿಂದ ಮಗಳ ಚಿಕ್ಕಂದಿನ ಲಂಗ ತೆಗೆದಳು, ತನ್ನ ಮದುವೆಯ ಸೀರೆ ತೆಗೆದಳು. ಅರಿವೆಗೇನು ಗೊತ್ತು ಬದುಕಿದವರು ಯಾರು ಸತ್ತವರು ಯಾರು ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಹೊಲಿದಳು. ನೆತ್ತಿ ಹೊಲಿಯುವ ಹೊತ್ತಿಗೆ ಕೈ ಮೂಲೆಯ ಚೀಲಕ್ಕೆ ಹೋಯಿತು. ನೆತ್ತಿಗೆ ಬೇರೆ ಮನೆಯ ತುಂಡಿಲ್ಲದೆ ಅವಳು ಒಂದೂ ಕುಂಚಿಗಿ ಹೊಲಿದವಳಲ್ಲ. ಈಗ ಬಿಟ್ಟರೆ ಊರಿನ ಮಾತನ್ನು ತಾನೇ ಒಪ್ಪಿಕೊಂಡ ಹಾಗೆ. ಮೆತ್ತಗಿನ ಕೆಂಪು ತುಂಡೊಂದು ಸಿಕ್ಕಿತು, ಹಚ್ಚಿದಳು. ಅಣವೀರ ಕುಂಚಿಗಿಯನ್ನು ಮುಷ್ಟಿಗೆ ತೊಡಿಸಿ ತಿರುಗಿಸಿ ನೋಡಿದ.

“ರಾಣಿ ಆಗ್ತಾಳ ನೋಡು ನಮ್ಮವ್ವ!” ಎಂದು ಕೂಗಿದ. ಸೊಂಟ ಹಿಡಿದಿತ್ತು, ಅವನು ಹೊರಡುವಂತಿರಲಿಲ್ಲ. ಸಾಬಮ್ಮ ಒಬ್ಬಳೇ ರೈಲು ಹತ್ತಿದಳು.

ಸೇಡಮ್ಮಿನ ಮನೆ ತುಂಬ ಹೆಂಗಸರಿದ್ದರು. ಐಶ್ವರ್ಯಳ ಅತ್ತೆ ಚಂದಮ್ಮ ಬಾಗಿಲಿಗೇ ಬಂದು ಕೈ ಹಿಡಿದಳು.

“ಬರ್ರಿ ಬೀಗತಿ, ಕುಂದ್ರಿ. ನಿಮ್ಮ ಕುಂಚಿಗಿ ಸಲುವಾಗೇ ಕುಂತೀವಿ. ನಿಮ್ಮ ಕೈಲೇ ಹಾಕ್ರಿ.”

ಕೂಸು ಐಶ್ವರ್ಯಳ ತೊಡೆಯ ಮೇಲಿತ್ತು, ಬರಿ ನೆತ್ತಿ ಮಿಡಿಯುತ್ತಿತ್ತು. ಸಾಬಮ್ಮ ಕೈಚೀಲಕ್ಕೆ ಕೈ ಹಾಕಿದಳು. ಚಂದಮ್ಮ ಸುತ್ತ ಕೂತವರಿಗೆ ಅಭಿಮಾನದಿಂದ ಹೇಳುತ್ತಿದ್ದಳು.

“ಬಾಳಿದ ಮನೀ ತುಂಡು ಹುಡುಕಿ ನೆತ್ತಿಗಿ ಹಚ್ಚತಾರ ಇವ್ರು. ನಮ್ಮ ಕೂಸಿಗಿ ಯಾರ ಮನೀದು ಹಚ್ಚೀರಿ ಬೀಗತಿ?”

ಯಾರ ಮನೆಯದು? ಸಾಬಮ್ಮನ ಬೆರಳು ಚೀಲದೊಳಗೆ ಆ ಕೆಂಪಿನ ಮೇಲೇ ಇತ್ತು. ಬಾಳಿದ ಕೂಸುಗಳ ಮನೆಯವರೆಲ್ಲ ಬಂದು ತಮ್ಮ ತಮ್ಮದನ್ನು ಆರಿಸಿಕೊಂಡು ಹೋಗಿದ್ದರು. ಬಿಬಿಜಾನ್ ಕೂಡ ಬಿಡಲಿಲ್ಲ. ಹಾಗಾದರೆ ಚೀಲದಲ್ಲಿ ಉಳಿದದ್ದು ಯಾರದು? ಬಾರದೆ ಉಳಿದವರದು. ಯಾರು ಬಂದಿರಲಿಲ್ಲ? ಚಂದ್ರಕಲಾ ಬಂದಿರಲಿಲ್ಲ. ಭಂಕೂರದವರು ಬಂದಿರಲಿಲ್ಲ.

ದಾರಿಯುದ್ದಕ್ಕೂ ಊರಿನವರನ್ನು ಬೈದುಕೊಂಡು ಬಂದವಳು, ಅರಿವೆಗೇನು ಗೊತ್ತು ಎಂದವಳು, ಮಿಡಿಯುವ ಆ ನೆತ್ತಿಯನ್ನೇ ನೋಡುತ್ತ ಚೀಲದಿಂದ ಬರಿಗೈ ತೆಗೆದಳು.

“ಮರತು ಬಂದೀನ್ರಿ” ಎಂದಳು.

ಚಂದಮ್ಮ ದೊಡ್ಡ ಮನಸ್ಸಿನವಳು, “ಇರ್ಲಿ ಬಿಡ್ರಿ, ಗಡಿಬಿಡ್ಯಾಗ ಆಗ್ತದ” ಎಂದು ಉಡುಗೊರೆ ಬಂದಿದ್ದ ಅಂಗಡಿಯ ಉಣ್ಣೆ ಟೊಪ್ಪಿಗೆಯೊಂದನ್ನು ತಂದಳು. ಐಶ್ವರ್ಯ ಅದನ್ನು ಕೂಸಿಗೆ ತೊಡಿಸಿ ದಾರ ಕಟ್ಟಿದಳು. ಎಲ್ಲ ಮುಗಿದು ಸಾಬಮ್ಮ ಹೊರಡುವಾಗ ಮಗಳು ಬಾಗಿಲ ಮರೆಯಲ್ಲಿ ನಿಂತು ಕೇಳಿದಳು.

“ಊರ ಮಕ್ಕಳಿಗೆಲ್ಲಾ ಹೊಲದಿ ಅವ್ವಾ. ನನ್ನ ಕೂಸಿಗಿ ಮರತಿ?”

ಹೇಳುವುದಾದರೂ ಹೇಗೆ? ಹೇಳಿದರೆ ಆ ಹುಡುಗಿ ಇನ್ನು ನಿದ್ದೆ ಮಾಡುತ್ತಿದ್ದಳೇ? ಸಾಬಮ್ಮ ಮಗಳ ಗಲ್ಲ ಸವರಲು ಹೋದಳು, ಮಗಳು ಮುಖ ತಿರುಗಿಸಿದಳು.

ವಾಡಿಯ ಕಡೆಗಿನ ರೈಲಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕುಂಚಿಗಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಸೂಜಿಯ ಮೊನೆಯಿಂದ ಕೆಂಪು ತುಂಡನ್ನು ಬಿಚ್ಚಿದಳು. ಹಿಂದೆ ಮುಂದೆ ತಿರುಗಿಸಿ ನೋಡಿದಳು. ಯಾವ ಗುರುತೂ ಇರಲಿಲ್ಲ. ಕಿಟಕಿಯಿಂದ ಹೊರಗೆ ಬಿಟ್ಟಳು.

ಈಗ ಉಳಿದದ್ದೆಲ್ಲ ಮನೆಯದೇ: ಮಗಳ ಲಂಗ, ತನ್ನ ಸೀರೆ. ಚಿತ್ತಾಪುರದಲ್ಲಿ ಇಳಿದರೆ ಸೇಡಮ್ಮಿಗೆ ತಿರುಗಿ ಗಾಡಿ ಸಿಗುತ್ತಿತ್ತು. ಚೀಲದ ತಳದಲ್ಲೇ ಇತ್ತು ನೋಡು ಮಗಳೇ ಎಂದರೆ ಐಶ್ವರ್ಯ ನಕ್ಕುಬಿಡುತ್ತಿದ್ದಳು. ಗಾಡಿ ಚಿತ್ತಾಪುರದಲ್ಲಿ ನಿಂತಾಗ ಸಾಬಮ್ಮ ಎದ್ದೂ ನಿಂತಳು. ಆಗ ಕುಂಚಿಗಿ ಹಿಡಿದ ತನ್ನ ಕೈ ಕಣ್ಣಿಗೆ ಬಿತ್ತು. ತುಂಡು ಯಾರದಾದರೂ ಇರಲಿ, ಅದನ್ನು ಆರಿಸಿದ ಕೈ ಇದು. ಚಂದ್ರಕಲಾಳ ಕೂಸಿಗೆ ಹೊಲಿದ ಕೈ, ಭಂಕೂರದ ಕೂಸಿಗೆ ಹೊಲಿದ ಕೈ. ಕೈಯನ್ನು ಯಾವ ಕಿಟಕಿಯಿಂದ ಬಿಸಾಡಬೇಕು?

ಗಾಡಿ ಹೊರಟಿತು. ಅವಳು ಕೂತು ಉಳಿದ ಹೊಲಿಗೆಯನ್ನೂ ಬಿಚ್ಚತೊಡಗಿದಳು.

ಎದುರಿಗೆ ಕೂತ ಹೆಂಗಸು ನೋಡಲಾರದೆ ಕೇಳಿದಳು.

“ಅಷ್ಟು ಚಂದ ಅದ, ಯಾಕ ಬಿಚ್ಚಾಕತ್ತೀರಿ?”

“ಅಳತಿ ತಪ್ಪ್ಯದವ್ವ” ಎಂದಳು ಸಾಬಮ್ಮ.

ಮನೆ ಮುಟ್ಟುವಾಗ ಅಣವೀರ ಹೊಸ್ತಿಲ ಮೇಲೆ ಕಾದು ಕೂತಿದ್ದ.

“ಹಾಕಿದ್ರೇನು ಕುಂಚಿಗಿ?”

“ಹಾಕಿದ್ರು.”

“ಆಂ?”

“ಹಾಕಿದ್ರು ಅಂದೆ!”

ಓಣಿಗೆಲ್ಲ ಕೇಳಿಸಿತು. ಬಿಬಿಜಾನ್‌ಳ ಮನೆಯ ಬಾಗಿಲು ಸ್ವಲ್ಪ ತೆರೆಯಿತು. ಅಣವೀರ ಹಿಗ್ಗಿಹೋದ.

“ಹ್ಯಾಂಗ ಕಾಣ್ತಿತ್ತು ಕೂಸು?”

ಸಾಬಮ್ಮ ಬಿಚ್ಚಿದ ತುಂಡುಗಳಿದ್ದ ಕೈಚೀಲವನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಅವನಿಗೆ ಕೇಳುವಷ್ಟು ದನಿ ಎತ್ತಿ ಹೇಳಿದಳು.

“ಭಾಳ ಚಂದ ಕಾಣ್ತಿತ್ತು.”