ಸರ್ವಮಂಗಳಕ್ಕನ ಕಾರಿನ ನೀರು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಕೊಡ್ಲಿಪೇಟೆಯ ನನ್ನ ಗ್ಯಾರೇಜಿಗೆ ಬರುವವರಿಗೆಲ್ಲ ಅದು ಗೊತ್ತು. ಗಾಡಿ ಬಿಟ್ಟು, 'ಸಿದ್ದರಾಜು, ನೀನೇ ನೋಡ್ಕೊ' ಎಂದು ಟೀ ಅಂಗಡಿಗೆ ಹೋಗಿಬಿಡುತ್ತಾರೆ. ಸರ್ವಮಂಗಳಕ್ಕ ಮಾತ್ರ ಹೋಗುವವರಲ್ಲ. ಸ್ಟೂಲು ಎಳೆದುಕೊಂಡು ಪಕ್ಕದಲ್ಲೇ ಕೂತು, ನಾನು ಸ್ಪ್ಯಾನರ್ ಹಿಡಿಯುವ ರೀತಿಯಲ್ಲೂ ತಪ್ಪು ಹುಡುಕುತ್ತಾರೆ.

ಅವರದು ಪೇಟೆ ಬೀದಿಯ ಜಿನಸಿ ಅಂಗಡಿ. ಗಂಡ ಪರಮೇಶಪ್ಪ ತಕ್ಕಡಿ ಹಿಡಿದರೆ, ಗಿರಾಕಿಗಳ ಹತ್ತಿರ ಮಾತಿಗೆ ನಿಲ್ಲುವವರು ಇವರು. ಮಕ್ಕಳಿರಲಿಲ್ಲ, ಆ ಕೊರಗನ್ನು ಇಬ್ಬರೂ ಆಡಿ ತೋರಿಸಿದವರಲ್ಲ. ಒಮ್ಮೆ ಪರಮೇಶಪ್ಪ ಎಸ್ಟೇಟಿನವರೊಬ್ಬರಿಂದ ಹಳೆಯ ಫಾರಿನ್ ಕಾರು ತಂದರು. ಲಿವರ್ ಎಳೆದರೆ ಸಾಕು, ಹೆಡ್‌ಲೈಟಿನ ಕೆಳಗಿನಿಂದ ಪುಟ್ಟ ಮೂತಿಗಳು ಹೊರಬಂದು, ಲೈಟಿನ ಗಾಜಿನ ಮೇಲೆ ಚಿರ್ರೆಂದು ನೀರು ಹೊಡೆದು ಮತ್ತೆ ಒಳಗೆ ಸೇರಿಕೊಳ್ಳುತ್ತಿದ್ದವು. ಊರಿಗೆ ಊರೇ ನೋಡಲು ಬಂತು. 'ಕಣ್ಣು ತೊಳ್ಕೊಳ್ಳೋ ಕಾರು' ಎಂದು ಹೆಸರಾಯಿತು.

ತುಲಾ ಸಂಕ್ರಮಣಕ್ಕೆ ಭಾಗಮಂಡಲಕ್ಕೆ ಹೋಗಿ, ಸಂಗಮದಲ್ಲಿ ಮಿಂದು, ಕಾವೇರಿ ತೀರ್ಥ ತುಂಬಿಸಿಕೊಂಡು ಬರುವುದು ನಮ್ಮ ಕಡೆ ಇದ್ದದ್ದೇ. ಬಾವಿಗೊಂದಿಷ್ಟು, ಗದ್ದೆಗೊಂದಿಷ್ಟು ಹಾಕುತ್ತೇವೆ. ಪರಮೇಶಪ್ಪ ಮಿಕ್ಕಿದ್ದನ್ನು ಬಾನೆಟ್ ಎತ್ತಿ ಹೆಡ್‌ಲೈಟ್ ತೊಳೆಯುವ ನೀರಿನ ಡಬ್ಬಕ್ಕೆ ಸುರಿಯುತ್ತಿದ್ದರು. 'ಮಂಜಲ್ಲಿ ದಾರಿ ತೋರ್ಸೋ ಕಣ್ಣಿಗೆ ತೀರ್ಥ ಬೇಡ್ವೇನೋ?' ಎನ್ನುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. 'ಹೊಳೆ ನೀರು ಹಾಕ್ಬೇಡಿ ಅಣ್ಣಾ, ಮರಳು ಹೋಗಿ ರಬ್ಬರ್ ತಿನ್ನುತ್ತೆ' ಎಂದು ಎಷ್ಟು ಬಡಿದುಕೊಂಡರೂ ಅವರು ಕಿವಿಗೇ ಹಾಕಿಕೊಳ್ಳಲಿಲ್ಲ.

ಕಳೆದ ಸಂಕ್ರಮಣಕ್ಕೂ ಸುರಿದರು. ಶಿವರಾತ್ರಿಯ ಹೊತ್ತಿಗೆ, ಅಂಗಡಿಯಲ್ಲಿ ಬೆಲ್ಲ ತೂಗುತ್ತಿದ್ದವರು ಎದೆ ಹಿಡಿದುಕೊಂಡು ಕೂತರು, ಮತ್ತೆ ಏಳಲಿಲ್ಲ. ಮಣ್ಣು ಮಾಡುವಾಗ ನಾನೂ ಇದ್ದೆ. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಮಂಗಳಕ್ಕನ ಕೈಗೂ ಯಾರೋ ಕೊಟ್ಟರು. ಅಕ್ಕ ಕೈ ಕೊಡವಿ ಹಿಂದೆ ಸರಿದು, 'ಅವ್ರ ಮೇಲೆ ನಾನು ಮಣ್ಣು ಹಾಕಲ್ಲ' ಎಂದುಬಿಟ್ಟರು. ಕಣ್ಣಲ್ಲಿ ಒಂದು ಹನಿ ಇರಲಿಲ್ಲ. ಜನ ಏನೇನೋ ಆಡಿಕೊಂಡರು. ಆಡಿಕೊಳ್ಳಲಿ, ಅವರ ಗಂಟೇನು ಹೋಗುತ್ತದೆ!

ಆಮೇಲೆ ಕಾರು ಓಡಿಸಲು ಪಕ್ಕದ ಮನೆಯ ಕುಟ್ಟಪ್ಪ ಬರತೊಡಗಿದ. ಅಕ್ಕ ಅವನಿಗೆ ಹೇಳಿದ್ದು ಒಂದೇ ಮಾತು: ನೀರಿನ ಲಿವರ್ ಮುಟ್ಟಬಾರದು, ಗಾಜು ಕೆಸರಾದರೆ ಇಳಿದು ಬಟ್ಟೆಯಲ್ಲಿ ಒರೆಸಬೇಕು. ಡಬ್ಬದಲ್ಲಿದ್ದದ್ದು ಗಂಡ ಕೊನೆಯದಾಗಿ ತಂದ ತೀರ್ಥ. ಅದನ್ನು ಹಾಗೇ ಉಳಿಸಿಕೊಳ್ಳಬೇಕೆಂಬುದು ಅವರ ಹಟ.

ಆಷಾಢದ ಒಂದು ಬೆಳಿಗ್ಗೆ ಅಕ್ಕ ಮಡಿಲಲ್ಲಿ ಬೋಗುಣಿ ಇಟ್ಟುಕೊಂಡು ಕಾರಿನಿಂದ ಇಳಿದರು. ಅದರಲ್ಲಿ ಕೆಸರು, ಆಯಿಲ್ ಬೆರೆತ ನೀರು.

'ಸೋರ್ತಿದೆ ಕಣೋ. ಕಾರಿನ ಅಡಿಗೆ ಇಟ್ಟು ಹಿಡ್ದಿದ್ದೀನಿ. ಇನ್ನೊಂದು ತೊಟ್ಟೂ ಚೆಲ್ದಂಗೆ ಸರಿ ಮಾಡು.'

'ಡಬ್ಬ ಖಾಲಿ ಮಾಡ್ದೆ ಹೆಂಗಕ್ಕಾ ಮಾಡ್ಲಿ? ನಾನೇನು ಮಂತ್ರವಾದಿಯಾ?'

'ಬಾಯಿ ಮಾಡ್ಬೇಡ. ಮೊದ್ಲು ಎಲ್ಲಿ ಸೋರ್ತಿದೆ ನೋಡು.'

ಬಂಪರ್ ಬಿಚ್ಚಿದೆ. ಮಳೆಯಲ್ಲಿ ಬಂದ ಗಾಡಿ, ಎಲ್ಲವೂ ಒದ್ದೆ. ಒರೆಸಿ ಒಣಗಿಸಿದೆ. ಇಂಥ ಕಡೆ ಪೌಡರ್ ಸವರಿದರೆ ನೀರು ಹೊರಡುವ ಜಾಗ ಗೆರೆ ಬಿದ್ದು ಕಾಣುತ್ತದೆ. ಗ್ಯಾರೇಜಿನಲ್ಲಿ ಪೌಡರ್ ಎಲ್ಲಿಂದ ಬರಬೇಕು? ಅಕ್ಕ ಪರ್ಸಿನಿಂದ ವಿಭೂತಿ ಗಟ್ಟಿ ತೆಗೆದು, 'ಇದಾಗುತ್ತಾ?' ಎಂದರು. ಪುಡಿ ಮಾಡಿ ಪೈಪು, ಮೂತಿ, ಪಂಪು ಎಲ್ಲಕ್ಕೂ ಸವರಿದೆ.

'ಗಾಡಿಗೂ ದೀಕ್ಷೆ ಕೊಟ್ರಲ್ಲ ಅಕ್ಕಾ!' ಎಂದು ಕುಟ್ಟಪ್ಪ ನಕ್ಕ. ಅಕ್ಕ ನಗಲಿಲ್ಲ.

ಮೂತಿಗಳು ಬೆಳ್ಳಗೇ ಉಳಿದವು, ಪೈಪೂ ಅಷ್ಟೆ. ಡಬ್ಬದ ತಳದಲ್ಲಿ ಪಂಪು ಕೂರುವ ಕಡೆ ಮಾತ್ರ ಒದ್ದೆ ಗೆರೆ ಇಳಿಯಿತು. ಪಂಪಿನ ಸುತ್ತಲಿನ ರಬ್ಬರ್ ಬುಷ್ ಹೋಗಿತ್ತು.

'ಪಂಪ್ ಕೀಳ್ಲೇಬೇಕು. ಕಿತ್ರೆ ನೀರೆಲ್ಲ ಕೆಳಗೆ' ಎಂದೆ. ಅಕ್ಕ ಡಿಕ್ಕಿಯಿಂದ ತೊಳೆದ ಬಿಂದಿಗೆ ತಂದು ತಾವೇ ಕೆಳಗೆ ಹಿಡಿದರು. ನೀರು ಬುಳುಬುಳು ಇಳಿಯಿತು. ಅದಕ್ಕೆ ಮುಖ ಹತ್ತಿರ ತಂದವರು ಮೂಗರಳಿಸಿದರು.

'ಇದೇನೋ, ಶಾಂಪೂ ವಾಸನೆ?'

ಕುಟ್ಟಪ್ಪನ ಮುಖ ಬಿಳಿಚಿಕೊಂಡಿತು. 'ತಪ್ಪಾಯ್ತಕ್ಕಾ. ಒಂದಿನ ನೀರಿಲ್ಲ ಅಂತ ಲೈಟ್ ಹತ್ಕೊಳ್ತು. ನೋಡಿದ್ರೆ ಎಲ್ಲ ಸೋರಿ ಡಬ್ಬ ಪೂರ್ತಿ ಖಾಲಿ. ನಿಮ್ಗೆ ಹೇಳೋಕೆ ಬಾಯಿ ಬರ್ಲಿಲ್ಲ. ನಲ್ಲಿ ನೀರು ತುಂಬಿಸ್ದೆ. ಆಮೇಲೂ ತುಂಬಿಸ್ತಾನೇ ಇದ್ದೆ. ಚೂರು ಶಾಂಪೂ ಹಾಕಿದ್ರೆ ಒಳ್ಳೇದು ಅಂತ ಯಾರೋ ಅಂದ್ರು...'

'ಥೂ, ನಿನ್ನ ತಲೆಗಿಷ್ಟು!' ಎಂದು ಅವನ ಮೇಲೆ ಎಗರಿದೆ. ಅಕ್ಕ ಕೈಯೆತ್ತಿ ನನ್ನನ್ನು ತಡೆದರು. ಬಿಂದಿಗೆ ಪಕ್ಕಕ್ಕಿಟ್ಟು, ಅಲ್ಲಿದ್ದ ಹಳೇ ಟೈರಿನ ಮೇಲೆ ಕುಸಿದು ಕೂತರು.

'ಹಂಗಾದ್ರೆ ಅವ್ರದ್ದು ಏನೂ ಉಳೀಲಿಲ್ಲ' ಎಂದರು.

ನಾನು ಡಬ್ಬ ಬಿಚ್ಚಿ ತೊಳೆಯಲು ಒಯ್ದೆ. ಅಲುಗಿಸಿದಾಗ ಒಳಗೆ ಏನೋ ಗರಗರ ಎಂದಿತು. ಬಿಳಿ ಬಟ್ಟೆ ಹಾಸಿ ಬಗ್ಗಿಸಿದೆ. ನುಣ್ಣನೆಯ ಮರಳು, ಒಂದು ಚಿಟಿಕೆಯಷ್ಟು.

'ಅಕ್ಕಾ, ಇಲ್ಲಿ ನೋಡಿ. ನಲ್ಲಿ ನೀರಲ್ಲಿ ಮರಳು ಬರಲ್ಲ. ಇದು ಸಂಗಮದ್ದು. ಅಣ್ಣ ತಂದಿದ್ದೇ. ನಾನು ಬಯ್ತಿದ್ನಲ್ಲಾ, ಅದೇ ಮರಳು.'

ಅಕ್ಕ ಅಂಗೈ ಒಡ್ಡಿದರು, ಅದಕ್ಕೆ ಸುರಿದೆ. ಬೆರಳಲ್ಲಿ ಮರಳು ಹರಡಿದರು, ಕೂಡಿಸಿದರು, ಮತ್ತೆ ಹರಡಿದರು. ಆಮೇಲೆ ಅತ್ತರು. ಅಷ್ಟು ದಿನದ ಅಳುವೆಲ್ಲ ಒಟ್ಟಿಗೇ ಬಂತೇನೋ. ಅದನ್ನು ನೋಡಿ ಕುಟ್ಟಪ್ಪನೂ ಅತ್ತುಬಿಟ್ಟ. ನಾನು ಗೋಡೆ ಕಡೆ ತಿರುಗಿ ಹೊಸ ಬುಷ್ ಹುಡುಕುತ್ತಾ ನಿಂತೆ. ಬುಷ್ ನನ್ನ ಕೈಯಲ್ಲೇ ಇತ್ತು.

ಬುಷ್ ಕೂರಿಸಿ, ಡಬ್ಬ ಕಟ್ಟಿ, ಪಂಪಿನ ಸುತ್ತ ಮತ್ತೆ ವಿಭೂತಿ ಸವರಿದೆ. 'ಯಾವ ನೀರಾದ್ರೂ ಹಾಕು' ಎಂದರು ಅಕ್ಕ. ಬಾವಿ ನೀರು ತುಂಬಿಸಿದೆ. ಕುಟ್ಟಪ್ಪ ಲಿವರ್ ಹಿಡಿದು ಅವರ ಮುಖ ನೋಡಿದ.

'ಎಳಿ.'

ಮೂತಿಗಳು ಹೊರಬಂದು ಚಿರ್ರೆಂದವು. ಪಂಪಿನ ಕೆಳಗೆ ಗೆರೆ ಬೀಳಲಿಲ್ಲ.

ಬಂಪರ್ ಜೋಡಿಸಿದ ಮೇಲೆ ಅಕ್ಕ ಮರಳು ಹಿಡಿದ ಬಲಗೈ ಮುಷ್ಟಿ ಬಿಡದೆಯೇ ಮುಂದಿನ ಸೀಟಿನಲ್ಲಿ ಕೂತರು. 'ಮನೆಗಾ ಅಕ್ಕಾ?' ಎಂದ ಕುಟ್ಟಪ್ಪ.

'ಬೇಡ. ಅವ್ರನ್ನ ಮಲಗ್ಸಿರೋ ಕಡೆ ಹೋಗು. ಅವತ್ತು ಹಾಕ್ದೆ ಬಂದ ಮಣ್ಣು ಹಾಕ್ಬೇಕು.'