ಎಡದಿಂದ ನಾಲ್ಕನೆಯವರು

ಭಾನುವಾರ ಬೆಳಿಗ್ಗೆ ಲೆನ್ಸಿನ ಚೀಲದ ದಾರ ಬಿಚ್ಚಿದೆ. ಹುಳಿ ವಾಸನೆ ಬಂತು. ಹಳೇ ಸೀರೆಯ ತುಂಡಿನಲ್ಲಿ ಹೊಲಿದ ಅಂಗೈಯಗಲದ ಚೀಲ ಅದು. ಎಷ್ಟು ಸಲ ಒಗೆದು ಬಿಸಿಲಿಗೆ ಹಾಕಿದರೂ ಆ ವಾಸನೆ ಹೋಗಿಲ್ಲ. ಬೇರೆಯವರು ಮೂಸಿದರೆ ಇದರಲ್ಲಿ ಉಪ್ಪಿನಕಾಯಿ ಕಟ್ಟಿಟ್ಟಿದ್ದಿರಾ ಎಂದು ಕೇಳುತ್ತಾರೆ. ನನಗೆ ಮಾತ್ರ ಅದು ಗಿರಿಜತ್ತೆಯ ವಾಸನೆ. ಒಂದು ಕ್ಷಣ ಕಣ್ಣು ಮುಚ್ಚಿಕೊಂಡರೆ ಸಾಕು, ಅರಸೀಕೆರೆಯ ಸ್ಟೇಷನ್ ರಸ್ತೆಯ ಆ ಕತ್ತಲೆ ಕೋಣೆ, ಕೆಂಪು ಬಲ್ಬು, ನೀರಿನಲ್ಲಿ ತೇಲುತ್ತಿರುವ ಯಾರದೋ ಮದುವೆ, ಎಲ್ಲವೂ ಬಂದು ನಿಲ್ಲುತ್ತವೆ.

ಲೆನ್ಸ್ ಎಂದ ಕೂಡಲೆ ಮದುವೆ ಮನೆಯ ಫೋಟೋಗ್ರಾಫರು ಕುತ್ತಿಗೆಗೆ ನೇತುಹಾಕಿಕೊಳ್ಳುವ ದೊಡ್ಡ ಕೊಳವೆಯನ್ನು ಕಲ್ಪಿಸಿಕೊಳ್ಳಬೇಡಿ. ಇದು ನಿಂಬೆಹಣ್ಣಿನಷ್ಟಿದೆ. ಇದು ಫೋಟೋ ತೆಗೆಯಲು ಮಾಡಿದ ಲೆನ್ಸೂ ಅಲ್ಲ. ಫಿಲಂ ಕಾಲದಲ್ಲಿ ಸ್ಟುಡಿಯೋಗಳ ಒಳಕೋಣೆಯಲ್ಲಿ ಎನ್‌ಲಾರ್ಜರ್ ಎಂಬ ಯಂತ್ರ ಇರುತ್ತಿತ್ತು. ಮೇಲೆ ಬಲ್ಬು, ಅದರ ಕೆಳಗೆ ನೆಗೆಟಿವ್, ಅದರ ಕೆಳಗೆ ಈ ಲೆನ್ಸು, ಎಲ್ಲಕ್ಕೂ ಕೆಳಗೆ ಹಲಗೆಯ ಮೇಲೆ ಬಿಳಿ ಕಾಗದ. ಬಲ್ಬು ಹತ್ತಿದರೆ ಬೆರಳಗಲದ ನೆಗೆಟಿವ್ ತಟ್ಟೆಯಗಲವಾಗಿ ಕಾಗದದ ಮೇಲೆ ಇಳಿಯುತ್ತಿತ್ತು. ಚಿಕ್ಕದನ್ನು ದೊಡ್ಡದು ಮಾಡುವುದೊಂದೇ ಇದರ ಕೆಲಸ. ಅದನ್ನು ಮೂಲೆ ಮೂಲೆಯಲ್ಲೂ ಅಚ್ಚುಕಟ್ಟಾಗಿ ಮಾಡುತ್ತದೆ. ನಡುವೆ ನಿಂತ ಮದುಮಗ ಎಷ್ಟು ಸ್ಪಷ್ಟವೋ, ಅಂಚಿನಲ್ಲಿ ಮುಖ ಊದಿಸಿಕೊಂಡು ನಿಂತ ಬೀಗರೂ ಅಷ್ಟೇ ಸ್ಪಷ್ಟ.

ಸ್ಟುಡಿಯೋದ ಹಿಂದಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನಾನೂ ಅವ್ವನೂ ಇದ್ದೆವು. ಬಾಣಾವರದ ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರಾಗಿದ್ದ ಅಪ್ಪ ನನಗೆ ಮೂರು ವರ್ಷವಾದಾಗ ಜ್ವರದಲ್ಲಿ ಹೋದರು. ಆಮೇಲೆ ಅವ್ವ ನನ್ನನ್ನು ಕಟ್ಟಿಕೊಂಡು ಅರಸೀಕೆರೆಗೆ ಬಂದು ಹೊಲಿಗೆ ಮೆಷಿನ್ ಇಟ್ಟಳು. ಅಪ್ಪನನ್ನು ಕಂಡಿದ್ದ ಬಳಗದವರು ಯಾರೂ ಆಮೇಲೆ ನಮ್ಮ ಮನೆಗೆ ಬರಲಿಲ್ಲ. ಸ್ಟುಡಿಯೋದ ಯಜಮಾನರನ್ನು ನಾನು ಮಾವ ಎನ್ನುತ್ತಿದ್ದೆ, ಅವರ ಹೆಂಡತಿಯನ್ನು ಗಿರಿಜತ್ತೆ ಎನ್ನುತ್ತಿದ್ದೆ. ಫೋಟೋ ತೆಗೆಯುವವರು ಮಾವ. ಅದನ್ನು ಕಾಗದಕ್ಕೆ ಇಳಿಸುವವಳು ಅತ್ತೆ. ಊರಿಗೆ ಗೊತ್ತಿದ್ದದ್ದು ಮಾವ ಮಾತ್ರ. “ನಿಮ್ಮ ಕೈ ಬಂಗಾರ ಕಣ್ರೀ” ಎಂದು ಗಿರಾಕಿಗಳು ಹೊಗಳಿದಾಗ ಮಾವ ಗಂಭೀರವಾಗಿ ತಲೆಯಾಡಿಸುತ್ತಿದ್ದರು. ಆ ಬಂಗಾರದ ಕೈ ಒಳಗೆ ಫೋಟೋ ತೊಳೆಯುವ ಹುಳಿ ನೀರಿನಲ್ಲಿ ಮುಳುಗಿರುತ್ತಿತ್ತು.

ಕತ್ತಲೆ ಕೋಣೆಗೆ ಇದ್ದ ದೊಡ್ಡ ಶತ್ರು ಬೆಳಕಲ್ಲ, ರೈಲು. ಜಂಕ್ಷನ್ ಊರು ನಮ್ಮದು. ಗೂಡ್ಸ್ ಗಾಡಿ ಹೋದರೆ ಗೋಡೆಯ ಮೊಳೆಗಳೂ ನಡುಗುತ್ತಿದ್ದವು. ಕಾಗದದ ಮೇಲೆ ಬೆಳಕು ಬಿದ್ದಿರುವಾಗ ಎನ್‌ಲಾರ್ಜರ್ ಒಂದಿಷ್ಟು ಅದುರಿದರೂ ಮದುಮಗನಿಗೆ ಎರಡು ಮೂಗು. ಪ್ಯಾಸೆಂಜರ್ ಗಾಡಿಗಳ ವೇಳೆ ಅತ್ತೆಗೆ ಬಾಯಿಪಾಠವಾಗಿತ್ತು. ಗೂಡ್ಸಿಗೆ ವೇಳೆ ಎಲ್ಲಿದೆ? ಅದಕ್ಕಾಗಿ ಅವಳು ಬರಿಗಾಲಿನಲ್ಲಿ ನಿಲ್ಲುತ್ತಿದ್ದಳು. ನಮಗೆ ಸದ್ದು ಕೇಳುವ ಮೊದಲೇ ಅವಳ ಪಾದಕ್ಕೆ ನೆಲ ಹೇಳುತ್ತಿತ್ತು.

“ತಡೀರಿ, ಗಾಡಿ ಬತ್ತಾ ಐತೆ.”

“ಎಲ್ಲೇ? ನಂಗೇನೂ ಕೇಳಿಸ್ತಿಲ್ಲ,” ಎನ್ನುವರು ಮಾವ.

“ನಿಮಗೆ ನಾನು ಕೂಗಿದ್ದೇ ಕೇಳ್ಸಲ್ಲ.”

ಅಷ್ಟರಲ್ಲಿ ತಟ್ಟೆಯ ನೀರಿನಲ್ಲಿ ಸಣ್ಣ ಸಣ್ಣ ಅಲೆಗಳು ಏಳುತ್ತಿದ್ದವು. ಗಾಡಿ ಹೋಗುವವರೆಗೆ ಮೂವರೂ ಕೆಂಪು ಬೆಳಕಿನಲ್ಲಿ ಸುಮ್ಮನೆ ನಿಂತಿರುತ್ತಿದ್ದೆವು. ನಾನು ಕಾಲೇಜಿಗೆ ಹೋಗುವಾಗ ರಜೆಯಲ್ಲಿ ಅತ್ತೆಯ ಹತ್ತಿರ ಕೆಲಸ ಕಲಿಯುತ್ತಿದ್ದೆನಲ್ಲ, ಕಲಿತದ್ದಕ್ಕಿಂತ ಹೀಗೆ ನಿಂತದ್ದೇ ಹೆಚ್ಚು. ನೆಲ ತಣ್ಣಗಾದ ಮೇಲೆ ಅತ್ತೆ ಬಲ್ಬು ಹಾಕಿ ‘ನಮಃ ಶಿವಾಯ, ನಮಃ ಶಿವಾಯ’ ಎಂದು ಶುರುಮಾಡುವಳು. ಅದು ಭಕ್ತಿ ಅಲ್ಲ, ಲೆಕ್ಕ. ಒಂದು ನಮಃ ಶಿವಾಯಕ್ಕೆ ಒಂದು ಸೆಕೆಂಡು. ಪ್ರತಿ ನೆಗೆಟಿವಿನ ಕವರಿನ ಮೇಲೂ ‘ಹದಿನೆಂಟು ನಮ’, ‘ಇಪ್ಪತ್ತೆರಡು ನಮ’ ಎಂದು ಬರೆದಿಟ್ಟಿರುತ್ತಿದ್ದಳು. ಆಮೇಲೆ ಖಾಲಿ ಕಾಗದವನ್ನು ತಟ್ಟೆಗೆ ಬಿಟ್ಟು ಅಲುಗಾಡಿಸಿದರೆ ಮೊದಲು ಕಣ್ಣು, ಆಮೇಲೆ ಕೂದಲು, ಆಮೇಲೆ ಇಡೀ ಮನುಷ್ಯ. ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತಿತ್ತು.

ನಮ್ಮ ಅಪ್ಪನೂ ಹಾಗೇ ಆ ತಟ್ಟೆಯಿಂದ ಎದ್ದು ಬಂದವರು. ಅವ್ವನ ಮದುವೆ ಮಠದಲ್ಲಿ ಸರಳವಾಗಿ ನಡೆದಿತ್ತು, ಫೋಟೋದವರನ್ನು ಕರೆಸಿರಲಿಲ್ಲ. ಅಪ್ಪ ಒಂದೇ ಒಂದು ಸಲ ಕ್ಯಾಮೆರಾ ಮುಂದೆ ನಿಂತಿದ್ದರಂತೆ. ಮೇಷ್ಟ್ರುಗಳ ತರಬೇತಿ ಮುಗಿದಾಗ ಎಲ್ಲರೂ ಹಳೇಬೀಡಿಗೆ ಹೋಗಿ ದೇವಸ್ಥಾನದ ಮುಂದೆ ಗುಂಪಾಗಿ ನಿಂತಿದ್ದರು. ತೆಗೆದವರು ನಮ್ಮ ಮಾವನೇ. ಮನೆಗೆ ಬಂದಿದ್ದ ಪ್ರತಿ ಗೆದ್ದಲಿಗೆ ಹೋಗಿತ್ತು. ಅಪ್ಪ ಹೋಗಿ ಮೂರು ತಿಂಗಳಿಗೆ ಅವ್ವ ಗಿರಿಜತ್ತೆಯ ಹತ್ತಿರ ಆ ಗುಂಪಿನಿಂದ ಒಂದು ಮುಖ ತೆಗೆದುಕೊಡಲು ಕೇಳಿದಳು. “ಎರಡನೇ ಸಾಲು, ಎಡಗಡೆಯಿಂದ ನಾಲ್ಕನೇವ್ರು” ಎಂದು ಗುರುತು ಹೇಳಿದಳು. ನೆಗೆಟಿವಿನಲ್ಲಿ ಆ ಮುಖ ರಾಗಿ ಕಾಳಿನಷ್ಟು. ಅತ್ತೆ ಎನ್‌ಲಾರ್ಜರಿನ ತಲೆಯನ್ನು ಸೂರಿನವರೆಗೂ ಏರಿಸಿ, ಗಾಡಿಗಳ ನಡುವೆ ಸಿಕ್ಕ ಬಿಡುವಿನಲ್ಲಿ ಮೂರು ಮಧ್ಯಾಹ್ನ ಹೆಣಗಿ ಅದನ್ನು ತಂದಳು. ಈ ಕಥೆಯನ್ನು ನೂರು ಸಲವಾದರೂ ಅವಳ ಬಾಯಿಂದಲೇ ಕೇಳಿದ್ದೇನೆ.

ಆ ಫೋಟೋ ನಮ್ಮ ನಡುಮನೆಯ ಗೋಡೆಯಲ್ಲಿ ನಲವತ್ತೇಳು ವರ್ಷಗಳಿಂದ ಇದೆ. ಅಗಲ ಹಣೆ, ತೆಳು ಮೀಸೆ, ಯಾವ ತಪ್ಪನ್ನೂ ಕ್ಷಮಿಸಿಬಿಡುವಂಥ ಕಣ್ಣು. ಅಂಗಿಯ ಬಲಗಡೆಗೆ ಜೇಬು, ಜೇಬಿನಲ್ಲಿ ಪೆನ್ನು. ಆ ಬಲಗಡೆಯ ಜೇಬು ನನ್ನನ್ನು ಎಷ್ಟು ಏಟುಗಳಿಂದ ಕಾಪಾಡಿದೆಯೋ! ನಾನು ಎಡಚಿ. ಎಡಗೈಯಲ್ಲಿ ಬಳಪ ಹಿಡಿದರೆ ಶಾಲೆಯಲ್ಲಿ ಗೆಣ್ಣಿಗೆ ಬೀಳುತ್ತಿತ್ತು, ಎಡಗೈಯಲ್ಲಿ ಮುದ್ದೆ ಮುರಿದರೆ ಮನೆಗೆ ಬಂದವರು ಮುಖ ಸಿಂಡರಿಸುತ್ತಿದ್ದರು. “ನಮ್ಮಪ್ಪನೂ ಎಡಚರು, ಬೇಕಾದ್ರೆ ಜೇಬು ನೋಡಿ” ಎಂದು ನಾನು ವಾದ ಹೂಡುತ್ತಿದ್ದೆ. ದರ್ಜಿಯಿಂದ ಬೇಕೆಂದೇ ಹಾಗೆ ಹೊಲಿಸಿಕೊಂಡಿದ್ದಾರೆ ಎಂದು ನಂಬಿದ್ದೆ. ಅವ್ವ ಮೆಷಿನ್ ತುಳಿಯುತ್ತಲೇ ಇರುತ್ತಿದ್ದಳು. ಪರೀಕ್ಷೆಯ ದಿನ ಆ ಫೋಟೋಗೆ ಹೇಳಿಯೇ ಹೋಗುತ್ತಿದ್ದೆ. ನನ್ನ ಮದುವೆಯ ಮೊದಲ ಲಗ್ನಪತ್ರಿಕೆಯನ್ನು ಅದರ ಮುಂದೆಯೇ ಇಟ್ಟೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಐವತ್ತು ತುಂಬಿದ ಮೇಲೂ ಬೇಸರವಾದಾಗ ಅದರ ಎದುರು ಕುರ್ಚಿ ಹಾಕಿಕೊಂಡು ಕೂರುವವಳು ನಾನು.

ಒಂದು ಮಾತು ಮಾತ್ರ ಅಕ್ಕಪಕ್ಕದವರ ಬಾಯಲ್ಲಿ ಉಳಿದೇಹೋಯಿತು. ಅವ್ವ ಆ ಫೋಟೋಗೆ ಯಾವತ್ತೂ ಹಾರ ಹಾಕಲಿಲ್ಲ, ಗಾಜಿಗೆ ವಿಭೂತಿ ಹಚ್ಚಲಿಲ್ಲ. ದಿನಾ ಬೆಳಿಗ್ಗೆ ಒಂದು ಹೂವನ್ನು ಫೋಟೋದ ಕೆಳಗಿನ ಹಲಗೆಯ ಮೇಲೆ ಇಡುತ್ತಿದ್ದಳು, ಅಷ್ಟೆ. ಕೇಳಿದವರಿಗೆ ಗಾಜು ಕೊಳೆಯಾಗುತ್ತದೆ ಎನ್ನುತ್ತಿದ್ದಳು.

ಮಾವ ಹೋಗಿ, ಫಿಲಂ ಹೋಗಿ, ಸ್ಟುಡಿಯೋಗೆ ಬೀಗ ಬಿದ್ದಾಗ ಗಿರಿಜತ್ತೆ ಈ ಲೆನ್ಸನ್ನೂ ಒಂದು ಬಿಸ್ಕತ್ತಿನ ಡಬ್ಬದ ತುಂಬ ನೆಗೆಟಿವುಗಳನ್ನೂ ನನಗೆ ಕೊಟ್ಟಳು. ಅವಳೂ ಈಗಿಲ್ಲ. ಡಬ್ಬವನ್ನು ಅಟ್ಟಕ್ಕೆ ಹಾಕಿದವಳು ಮರೆತೇಬಿಟ್ಟೆ. ಲೆನ್ಸಿಗೆ ಮಾತ್ರ ಎರಡನೇ ಜನ್ಮ ಬಂತು. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವವಳು. ಇದನ್ನು ತಿರುಗಾಮುರುಗಾ ಮಾಡಿ ಡಿಜಿಟಲ್ ಕ್ಯಾಮೆರಾಗೆ ಸಿಕ್ಕಿಸಿದರೆ ಸಾಸಿವೆಯೂ ಕುಂಬಳಕಾಯಿಯಾಗುತ್ತದೆ ಎಂದು ಯಾರೋ ಹೇಳಿದರು. ಅವತ್ತಿನಿಂದ ಹುಚ್ಚು ಹಿಡಿಯಿತು. ಬೇಲೂರಿನಲ್ಲಿ ಮದನಿಕೆಯ ಪಕ್ಕದ ಕಲ್ಲಿನ ಹಲಸಿನ ಹಣ್ಣಿನ ಮೇಲೆ ಕೂತ ಕಲ್ಲಿನ ನೊಣವನ್ನು ಹಿಡಿಯಬೇಕೆಂದು ಹೋದೆ. ನೊಣ ಇದ್ದದ್ದು ಸೂರಿನ ಹತ್ತಿರ, ನಾನಿದ್ದದ್ದು ನೆಲದ ಮೇಲೆ. ಏಣಿ ಕೇಳಿದ್ದಕ್ಕೆ ಕಾವಲಿನವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಸರಿ, ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯೇ ವಾಸಿ ಎಂದು ಅಲ್ಲಿನ ಬಸದಿಗಳ ಹೊರಗೋಡೆಯ ಪಾಚಿಗೆ ಇಳಿದೆ.

ಈ ಲೆನ್ಸಿಗೆ ಫೋಕಸ್ ಮಾಡುವ ತಿರುಪು ಇಲ್ಲ. ಅದರ ಬದಲು ನಾವೇ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಯಬೇಕು. ಹಾಗಾಗಿ ಕಲ್ಲಿನ ಮುಂದೆ ಹೊಟ್ಟೆಯ ಮೇಲೆ ಮಲಗಿ, ಕ್ಯಾಮೆರಾ ಅಲುಗದ ಹಾಗೆ ರಾಗಿ ತುಂಬಿದ ಸಣ್ಣ ಚೀಲದ ಮೇಲೆ ಇಟ್ಟುಕೊಂಡು, ಉಸಿರು ಬಿಗಿಹಿಡಿದಿರುತ್ತೇನೆ. “ಬಿದ್ದೋದ್ರಾ ಮೇಡಂ? ನೀರ್ ತರ್ಲಾ?” ಎಂದು ಕೇಳಿದವರು ಒಬ್ಬಿಬ್ಬರಲ್ಲ. ಅವರಿಗೆ ಹೇಗೆ ಹೇಳಲಿ? ಲೆನ್ಸಿನೊಳಗೆ ಉಗುರಿನಷ್ಟು ಪಾಚಿ ಕಾಡಾಗಿ ನಿಂತಿರುತ್ತದೆ. ಇಬ್ಬನಿಯ ಹನಿಯೊಂದು ಅದರೊಳಗೆ ಕೆರೆಯಾಗಿರುತ್ತದೆ. ಕೆರೆಯಲ್ಲಿ ತಲೆಕೆಳಗಾದ ಆಕಾಶ. ಆ ಕಾಡಿಗೆ ಹೋದವಳಿಗೆ ವಾಪಸು ಬರಲು ಮನಸ್ಸಾಗುವುದಿಲ್ಲ, ಹೊಟ್ಟೆ ಹಸಿದಾಗ ಬರುತ್ತೇನೆ.

ಮೊನ್ನೆ ಮೊನ್ನೆ ಅವ್ವನಿಗೆ ಕಣ್ಣಿನ ಪೊರೆ ತೆಗೆಸಿದೆವು. ಪಟ್ಟಿ ಬಿಚ್ಚಿದ ಮೇಲೆ ಮನೆಗೆ ಬಂದವಳು ಗೋಡೆ ನೋಡಿ, “ಫೋಟೋ ಮಾಸೋಗೈತಲ್ಲೇ” ಎಂದಳು. ನಿಜ, ಗಾಜಿನೊಳಗೆ ಬೂಷ್ಟು ಹಿಡಿದು ಒಂದು ಕೆನ್ನೆಯನ್ನೇ ತಿಂದಿತ್ತು. ನಾನು ಅಟ್ಟ ಹತ್ತಿ ಡಬ್ಬ ಇಳಿಸಿದೆ. ‘ಮೇಷ್ಟ್ರು ಗ್ರೂಪು, ಹಳೇಬೀಡು’ ಎಂಬ ಕವರು ಅದರಲ್ಲಿತ್ತು. ಅಪ್ಪನನ್ನು ಹೊಸದಾಗಿ ಮಾಡಿಕೊಡುತ್ತೇನೆ ಎಂದು ಕುಣಿದೆ.

“ಬ್ಯಾಡ ಬಿಡೇ, ಹಳೇದೇ ಇರ್ಲಿ,” ಎಂದಳು ಅವ್ವ. ಸ್ವಲ್ಪ ಹೊತ್ತಿನ ಮೇಲೆ ತಾನೇ ಕೇಳಿದಳು: “ಅದ್ರಾಗೆ ಎಲ್ರೂ ಅವ್ರಾ?”

ಭಾನುವಾರ ಲೆನ್ಸಿನ ಚೀಲ ಬಿಚ್ಚಿದ್ದು ಅದಕ್ಕೇ. ನೆಗೆಟಿವನ್ನು ಬೆಳಕಿನ ಹಲಗೆಯ ಮೇಲಿಟ್ಟು ಎರಡನೇ ಸಾಲನ್ನು ಒಂದೊಂದು ಮುಖದಂತೆ ತೆಗೆದು ಕಂಪ್ಯೂಟರಿಗೆ ಹಾಕಿದೆ. ಮುಂದೆ ಕೂತವರೊಬ್ಬರು ಹಿಡಿದ ಸ್ಲೇಟಿನ ಅಕ್ಷರ ಕೂಡ ಓದಲು ಬರುತ್ತಿತ್ತು. ಎಡದಿಂದ ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು. ನಾಲ್ಕನೆಯವರು ನಮ್ಮ ಅಪ್ಪ ಅಲ್ಲ. ಕಿವಿ ದೊಡ್ಡದಾದ, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಗುತ್ತಿದ್ದ ಯಾರೋ ಹುಡುಗ. ಗೋಡೆಯ ಅಪ್ಪ ಆ ಕಡೆಯ ತುದಿಯಲ್ಲಿ ಸಿಕ್ಕರು, ಬಲದಿಂದ ನಾಲ್ಕನೆಯವರಾಗಿ. ಅವರ ಜೇಬು ಎಲ್ಲರಂತೆ ಎಡಗಡೆಗೇ ಇತ್ತು.

ನೆಗೆಟಿವಿಗೆ ಎರಡು ಮೈ. ಒಂದು ಮಂಕು, ಒಂದು ಹೊಳಪು. ಮಂಕು ಮೈ ಕಾಗದದ ಕಡೆಗಿರಬೇಕು. ಮಗುಚಿ ಹಾಕಿದರೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ನನಗೆ ಅತ್ತೆ ಕಲಿಸಿದ ಮೊದಲ ಪಾಠವೇ ಅದು. ಅವತ್ತು ಯಾವ ಗಾಡಿಯ ಗಡಿಬಿಡಿಯಲ್ಲೋ ಅವಳೇ ಮಗುಚಿ ಹಾಕಿದ್ದಳು, ಹಾಗೇ ಎಡದಿಂದ ಎಣಿಸಿದ್ದಳು.

ಅವ್ವ ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಹೋಗಿ ಎದುರಿಗೆ ಕೂತೆ.

“ಅವ್ವಾ, ಗೋಡೆ ಮೇಲಿರೋರು ಎಡಗಡೆಯಿಂದ ನಾಲ್ಕನೇವ್ರಲ್ಲ. ಬಲಗಡೆಯಿಂದ.”

ಅವಳು ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿದಳು. “ಗೊತ್ತು ಕಣೇ.”

“ಯಾವಾಗಿಂದ?”

“ಗಿರಿಜಕ್ಕ ತಂದು ಕೈಗೆ ಕೊಟ್ಟಾಗಿಂದ. ಕಟ್ಕಂಡ ಗಂಡನ ಮುಖ ಗೊತ್ತಾಗಲ್ವೇನೇ ನಂಗೆ?”

ನನಗೆ ಸಿಟ್ಟು ನೆತ್ತಿಗೇರಿತು. “ಮತ್ತೆ ಯಾಕೆ ಹೇಳ್ಲಿಲ್ಲ?”

“ಪಾಪ, ಮೂರು ದಿನ ಕಣ್ಣು ಕೆಂಪಗೆ ಮಾಡ್ಕಂಡು ಮಾಡಿದ್ಲು ಆಯಮ್ಮ. ಆದ್ರೂ ಹೇಳಾನ ಅಂತ ಬಾಯಿ ತೆಗೆದೆ. ಅಷ್ಟರಾಗೆ ನೀನು ಬಂದು ಕಿತ್ಕಂಡೆ. ಅಪ್ಪ ಅಪ್ಪ ಅಂತ ಎದೆಗೆ ಅವುಚ್ಕಂಡು ಮನೆಯೆಲ್ಲಾ ಓಡಾಡ್ದೆ. ಅವ್ರು ಹೋದ್ಮೇಲೆ ನೀನು ನಕ್ಕಿದ್ದು ಅವತ್ತೇ ಕಣೇ. ನಾಳೆ ಹೇಳಾನ, ನಾಡಿದ್ದು ಹೇಳಾನ ಅಂತಿದ್ದೆ. ಆಗ್ಲಿಲ್ಲ.”

“ಅದಕ್ಕೇನಾ ಹಾರ ಹಾಕದೆ ಇದ್ದಿದ್ದು?”

“ಬದುಕಿರೋರ ಫೋಟೋಗೆ ಹಾರ ಹಾಕ್ತಾರಾ ಯಾರಾದ್ರೂ? ಯಾವೂರ ಮೇಷ್ಟ್ರೋ ಏನೋ. ಅವ್ರ ಹೆಂಡ್ತಿ ಮಕ್ಕಳು ತಣ್ಣಗಿರ್ಲಿ ಅಂತ ಹೂವ ಕೆಳಗಿಕ್ತಿದ್ದೆ.”

ನಾನು ನಕ್ಕೆನೋ ಅತ್ತೆನೋ ತಿಳಿಯಲಿಲ್ಲ, ಎರಡೂ ಒಟ್ಟಿಗೇ ಬಂದವು. ಎಡಗೈಯ ಅಪ್ಪ, ಪರೀಕ್ಷೆಗೆ ಹರಸಿದ ಅಪ್ಪ, ಒಂದೇ ಬೆಳಿಗ್ಗೆಯಲ್ಲಿ ಯಾರ ಮನೆಯವರೋ ಆಗಿಹೋದರು. ದುಃಖವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಆ ದುಃಖದ ನಡುವೆಯೇ ಬೇರೆ ಒಂದು ವಿಷಯ ಹೊಳೆಯಿತು. ನನಗಾದರೂ ನೋಡಲು ಯಾರೋ ಒಬ್ಬರಿದ್ದರು. ಅವ್ವ ನಲವತ್ತೇಳು ವರ್ಷ ಗಂಡನ ಮುಖವನ್ನೇ ಕಂಡಿಲ್ಲ.

“ಒಳಗೆ ಬಾ. ಇದಾರೆ ಅವ್ರು,” ಎಂದೆ.

ಅವಳು ಕೂಡಲೇ ಬರಲಿಲ್ಲ. ಮೊರ ಬದಿಗಿಟ್ಟಳು, ಕೈ ತೊಳೆದಳು, ಹೊಸ ಕನ್ನಡಕವನ್ನು ಸೆರಗಿನಲ್ಲಿ ಒರೆಸಿದಳು, ಮತ್ತೊಮ್ಮೆ ಒರೆಸಿದಳು. ಬಂದು ಕುರ್ಚಿಯ ಅಂಚಿನಲ್ಲಿ ಕೂತಳು. ಪರದೆಯ ತುಂಬ ಆ ಮುಖ ನಗುತ್ತಿತ್ತು. ಅವ್ವ ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರಕ್ಕೆ ಬಗ್ಗಿದಳು.

“ಇಷ್ಟು ಚಿಕ್ಕೋರಾ?” ಎಂದಳು ಕಡೆಗೆ. “ನಮ್ಮ ಶಿವೂನಷ್ಟೂ ಇಲ್ವಲ್ಲೇ.”

ಶಿವು ನನ್ನ ಮಗ, ಅವಳ ಮೊಮ್ಮಗ. ಅವನಿಗೆ ಇಪ್ಪತ್ತಾರು. ಅವ್ವ ಬೆರಳ ತುದಿಯಿಂದ ಪರದೆಯ ಆ ದೊಡ್ಡ ಕಿವಿಯನ್ನು ಮುಟ್ಟಿದಳು. ಆಮೇಲೆ ಕೆದರಿದ್ದ ನೆರೆಗೂದಲನ್ನು ಕಿವಿಯ ಹಿಂದಕ್ಕೆ ತಳ್ಳಿಕೊಂಡಳು.

“ಈಗ ನನ್ನ ನೋಡಿದ್ರೆ ಗುರ್ತು ಹಿಡೀತಿದ್ರಾ?”

“ಹಿಡೀತಿದ್ರು ಕಣವ್ವ.”

“ಹೋಗೇ,” ಎಂದಳು, ಕಣ್ಣು ಒರೆಸಿಕೊಳ್ಳುತ್ತ ನಕ್ಕಳು.

ಗೋಡೆಯಲ್ಲಿರುವುದಕ್ಕಿಂತ ದೊಡ್ಡದಾಗಿ ಪ್ರಿಂಟ್ ಮಾಡಿಸುತ್ತೇನೆ, ಒಳ್ಳೆಯ ಕಟ್ಟು ಹಾಕಿಸುತ್ತೇನೆ ಎಂದೆ. ಅವ್ವ ಬೇಡವೆಂದು ತಲೆಯಾಡಿಸಿದಳು.

“ಗೋಡೆ ಮೇಲೆ ಆ ಮೇಷ್ಟ್ರೇ ಇರ್ಲಿ, ನಿನ್ನ ಸಾಕವ್ರೆ. ನಂಗೆ ಅಂಗೈಯಷ್ಟು ಮಾಡ್ಕೊಡು ಸಾಕು.”